ಕಡಿದ ನರಕ್ಕೆ ಕರಗುವ ಸಾರುವೆ

ಕುಡುಗೋಲು ಜಾರಿ ಮಣಿಕಟ್ಟಿನಲ್ಲಾದ ಗಾಯವು ಎರಡು ಮೂರು ವಾರಗಳಲ್ಲಿ ಮಾಯುವುದುಂಟು. ಮುರಿದ ಎಲುಬು ಕೆಲವು ತಿಂಗಳುಗಳಲ್ಲಿ ಕೂಡಿಕೊಳ್ಳುವುದುಂಟು. ಆದರೆ ಆ ಗಾಯದಲ್ಲಿ ನರವೊಂದು ಕಡಿದುಹೋಗಿದ್ದರೆ, ಚರ್ಮವು ಕೂಡಿದ ಮೇಲೂ, ರಕ್ತವು ಎಂದಿನಂತೆ ಹರಿಯತೊಡಗಿದ ಮೇಲೂ ಕೈಯು ಮೊದಲಿನ ಕೈಯಾಗುವುದಿಲ್ಲ. ಬೆರಳುಗಳು ಇದ್ದಲ್ಲಿಯೇ ಇರುತ್ತವೆ. ಅಂಗಿಯ ಗುಂಡಿಯನ್ನು ಹಾಕಲಾರವು. ಬಿಸಿ ಪಾತ್ರೆಯನ್ನು ಮುಟ್ಟಿದರೂ ಸುಡುವುದು ತಿಳಿಯುವುದಿಲ್ಲ. ತಿಂಗಳುಗಳು ಕಳೆದಂತೆ ಹೆಬ್ಬೆರಳಿನ ಬುಡದ ಮಾಂಸವು ಕರಗಿ ಅಂಗೈ ಬತ್ತುತ್ತದೆ. ದುಡಿದು ಬದುಕುವವನಿಗೆ ಇದು ಕೈಯನ್ನೇ ಕಳೆದುಕೊಂಡುದಕ್ಕೆ ಹೆಚ್ಚು ಕಡಿಮೆ ಸಮಾನವಾದ ನಷ್ಟ.

ಇಂತಹ ನರವನ್ನು ಮತ್ತೆ ಕೂಡಿಸುವ ಪ್ರಯತ್ನವು ಬಹಳ ಹಳೆಯದು. ಈಚಿನ ದಶಕಗಳಲ್ಲಿ ಅದು ಒಂದು ವಿಶಿಷ್ಟವಾದ ದಾರಿಯನ್ನು ಹಿಡಿದಿದೆ. ಕಡಿದ ಎರಡು ತುದಿಗಳ ನಡುವೆ, ದೇಹದಲ್ಲಿ ಕ್ರಮೇಣ ಕರಗಿಹೋಗುವ ವಸ್ತುವಿನಿಂದ ಮಾಡಿದ ಆಧಾರವೊಂದನ್ನು ಇಟ್ಟು, ನರವು ಅದರೊಳಗೆ ತನ್ನ ಹಾದಿಯನ್ನು ತಾನೇ ಕಂಡುಕೊಂಡು ಬೆಳೆಯುವಂತೆ ಮಾಡುವುದೇ ಆ ದಾರಿ. ಮನೆ ಕಟ್ಟುವವರು ಗೋಡೆ ಏಳುವವರೆಗೆ ಸಾರುವೆಯನ್ನು ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚಿಹಾಕುತ್ತಾರೆ. ಇಲ್ಲಿ ಬಿಚ್ಚುವವರೂ ಬೇಕಾಗಿಲ್ಲ. ಸಾರುವೆಯು ತಾನಾಗಿಯೇ ಮಾಯವಾಗುತ್ತದೆ. ಇದರ ತತ್ತ್ವವೇನು, ಇದು ಎಲ್ಲಿಯವರೆಗೆ ಸಫಲವಾಗಿದೆ, ಎಲ್ಲಿ ಸೋತಿದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನರದ ರಚನೆ

ಮಿದುಳು ಮತ್ತು ಬೆನ್ನುಹುರಿಗಳಿಂದ ಹೊರಟು ಕೈಕಾಲುಗಳಿಗೂ ಚರ್ಮಕ್ಕೂ ಹಬ್ಬಿರುವ ನರಗಳನ್ನು ಪರಿಧಿಯ ನರಗಳೆಂದು ಕರೆಯುತ್ತೇವೆ. ಇವನ್ನು ವಿದ್ಯುತ್ತಿನ ತಂತಿಗೆ ಹೋಲಿಸುವುದು ಪಾಠಪುಸ್ತಕಗಳ ವಾಡಿಕೆ. ಈ ಹೋಲಿಕೆ ಅರ್ಧ ಮಾತ್ರ ಸರಿ. ತಂತಿಯು ತುಂಡಾದರೆ ಎರಡು ತುದಿಗಳನ್ನು ಹೊಸೆದು ಬಿಟ್ಟರೆ ಸಾಕು, ವಿದ್ಯುತ್ತು ಹರಿಯುತ್ತದೆ. ನರದ ಎಳೆಯಾದರೋ ಜೀವಂತ ಕೋಶವೊಂದರ ಅಂಗ. ಆಕ್ಸಾನ್ ಎಂಬ ಈ ಎಳೆಯ ದಪ್ಪ ಮಿಲಿಮೀಟರಿನ ಸಾವಿರದ ಕೆಲವು ಪಾಲುಗಳಷ್ಟೇ. ಉದ್ದವು ಮಾತ್ರ ಕೆಲವೊಮ್ಮೆ ಒಂದು ಮೀಟರಿನವರೆಗೂ ಇರಬಹುದು. ಕಾಲಿನ ಹೆಬ್ಬೆರಳನ್ನು ಅಲುಗಿಸುವ ಆಕ್ಸಾನಿನ ಮೂಲಕೋಶವು ಸೊಂಟಕ್ಕಿಂತ ಮೇಲೆ, ಬೆನ್ನುಹುರಿಯಲ್ಲಿದೆ. ಎಳೆಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ಆ ದೂರದ ಕೋಶದಲ್ಲಿಯೇ ತಯಾರಾಗಿ, ಎಳೆಯ ಉದ್ದಕ್ಕೂ ಸಾಗಿ ಬರಬೇಕು.

ಆಕ್ಸಾನಿನ ಸುತ್ತಲೂ ಸಾಲಾಗಿ ಶ್ವಾನ್ ಕೋಶಗಳಿವೆ. ದಪ್ಪನೆಯ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಸುತ್ತುವುವು ಇವೇ. ಇಂತಹ ಅನೇಕ ಎಳೆಗಳು ಸೇರಿ ಒಂದು ಕಂತೆ. ಕಂತೆಗಳು ಸೇರಿ ಒಂದು ನರ. ಎಳೆಗೊಂದು, ಕಂತೆಗೊಂದು, ಇಡೀ ನರಕ್ಕೊಂದು ಹೀಗೆ ಮೂರು ಬಗೆಯ ಹೊದಿಕೆಗಳಿವೆ. ಆದುದರಿಂದ ಶಸ್ತ್ರವೈದ್ಯರು ನರವನ್ನು ಹೊಲಿಯುವಾಗ ಹೊಲಿಗೆ ಬೀಳುವುದು ಹೊದಿಕೆಗೇ ಹೊರತು ಎಳೆಗಲ್ಲ. ಎಳೆಯನ್ನು ಯಾರೂ ಹೊಲಿಯಲಾರರು, ಅದು ಬೆಳೆಯಬೇಕು.

ಕಡಿದ ಮೇಲೆ ಆಗುವುದೇನು?

೧೮೫೦ರಲ್ಲಿ ಅಗಸ್ಟಸ್ ವಾಲರ್ ಅವರು ಕಪ್ಪೆಯ ನಾಲಗೆಗೆ ಹೋಗುವ ನರಗಳನ್ನು ಕತ್ತರಿಸಿ, ದಿನ ದಿನವೂ ಅವುಗಳಲ್ಲಾಗುವ ಬದಲಾವಣೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಡಿತಕ್ಕಿಂತ ಆಚೆಗಿನ ಭಾಗವೆಲ್ಲವೂ ಶಿಥಿಲವಾಗಿ ಚೂರುಚೂರಾಗುವುದನ್ನೂ, ಮೂಲಕೋಶದ ಕಡೆಗೆ ಉಳಿದ ಭಾಗವು ಬದುಕಿರುವುದನ್ನೂ ಅವರು ಕಂಡರು. ಈ ಕ್ರಿಯೆಗೆ ಇಂದಿಗೂ ಅವರ ಹೆಸರೇ ಉಳಿದಿದೆ. ಮೂಲದಿಂದ ಬೇರಾದ ಎಳೆಯು ಅಳಿಯುವುದು ಸಹಜವೇ. ಆಶ್ಚರ್ಯಕರವಾದುದು ಅದರ ನಂತರದ ಘಟನೆ. ಶ್ವಾನ್ ಕೋಶಗಳು ಎಳೆಯೊಡನೆ ಸಾಯುವುದಿಲ್ಲ. ಅವು ಮಯಲಿನನ್ನು ಕಳಚಿಹಾಕಿ, ತಮ್ಮ ಕಸುಬನ್ನೇ ಬದಲಿಸುತ್ತವೆ: ಭಕ್ಷಕ ಕೋಶಗಳನ್ನು ಕರೆತಂದು ಹಳೆಯ ಚೂರುಗಳನ್ನು ತೆಗೆಯಿಸುತ್ತವೆ, ಸಂಖ್ಯೆಯಲ್ಲಿ ಹೆಚ್ಚುತ್ತವೆ, ಹಳೆಯ ಕೊಳವೆಗಳೊಳಗೆ ಸಾಲುಗಟ್ಟಿ ನಿಂತು ಬೆಳವಣಿಗೆಗೆ ಪೋಷಕವಾದ ದ್ರವ್ಯಗಳನ್ನು ಸ್ರವಿಸುತ್ತವೆ. ಹೊಸ ಎಳೆಯು ಬರುವುದಕ್ಕೆ ಮುಂಚೆಯೇ ಅದರ ದಾರಿಯು ಹೀಗೆ ಸಿದ್ಧವಾಗುತ್ತದೆ.

ಆ ಹೊಸ ಎಳೆಯು ಎಲ್ಲಿಂದ ಬರುತ್ತದೆ ಎಂಬ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊಡ್ಡ ವಿವಾದವಿತ್ತು. ಆಚೆಯ ತುಂಡಿನ ಕೋಶಗಳೇ ಅದನ್ನು ಕಟ್ಟುತ್ತವೆ ಎಂದು ಕೆಲವರು, ಈಚೆಯ ತುದಿಯಿಂದಲೇ ಅದು ಚಿಗುರುತ್ತದೆ ಎಂದು ಕೆಲವರು ವಾದಿಸಿದರು. ಸ್ಪೇನಿನ ಸಂತ್ಯಾಗೊ ರಮೋನ್ ಇ ಕಹಾಲ್ ಅವರು ತಮ್ಮ ಅಸಾಧಾರಣ ಪರಿಶ್ರಮದಿಂದ ಎರಡನೆಯ ಪಕ್ಷವನ್ನು ಸ್ಥಾಪಿಸಿದರು. ಬೆಳೆಯುವ ಎಳೆಯ ತುದಿಯಲ್ಲಿ ಒಂದು ಉಬ್ಬಿದ ಚಲನಶೀಲ ಭಾಗವಿದೆಯೆಂದೂ, ಅದೇ ದಾರಿಯನ್ನು ಅರಸುತ್ತ ಮುಂದುವರಿಯುವುದೆಂದೂ ಅವರು ೧೮೯೦ರಲ್ಲಿಯೇ ವರ್ಣಿಸಿದ್ದರು. ಅಮೆರಿಕದ ರಾಸ್ ಹ್ಯಾರಿಸನ್ ಅವರು ೧೯೦೭ರಲ್ಲಿ ಕಪ್ಪೆಯ ಭ್ರೂಣದ ನರಾಂಗಾಂಶವನ್ನು ದೇಹದ ಹೊರಗೆ ಬೆಳೆಸಿ, ಎಳೆಯು ಚಾಚಿಕೊಳ್ಳುವುದನ್ನು ಕಣ್ಣಾರೆ ಕಾಣಿಸಿದರು. ಕೆಲವು ವರ್ಷಗಳ ಅನಂತರ ಅವರು ಇನ್ನೊಂದು ಸರಳವಾದ ಪ್ರಯೋಗವನ್ನು ಮಾಡಿದರು. ಭ್ರೂಣದ ಕೋಶಗಳಿಗೆ ಜೇಡನ ಬಲೆಯ ನೂಲನ್ನು ಆಧಾರವಾಗಿ ಕೊಟ್ಟಾಗ, ಅವು ಆ ನೂಲನ್ನು ಹಿಡಿದುಕೊಂಡು ಅದರ ಗುಂಟ ಸಾಗಿದುವು. ಚಲಿಸುವ ಕೋಶಕ್ಕೆ ಆಹಾರ ಮಾತ್ರವಲ್ಲ, ಹಿಡಿದು ನಡೆಯಲು ಘನವಾದ ಆಧಾರವೂ ಬೇಕು ಎಂಬ ಈ ಮಾತು, ಮುಂದೆ ಹೇಳುವ ಎಲ್ಲಕ್ಕೂ ಅಡಿಗಲ್ಲು.

ಕಾಲದೊಡನೆ ಪಂದ್ಯ

ಮನುಷ್ಯನಲ್ಲಿ ಕಡಿದ ಎಳೆಯು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ಈ ಒಂದು ಸಂಖ್ಯೆಯಲ್ಲಿ ರೋಗಿಯ ಭವಿಷ್ಯವೆಲ್ಲ ಅಡಗಿದೆ. ಮೊಣಕೈಯಲ್ಲಿ ನರ ಕಡಿದರೆ ಅಂಗೈಯ ಸ್ನಾಯುಗಳು ಸುಮಾರು ೩೦ ಸೆಂಟಿಮೀಟರು ದೂರ. ಎಂದರೆ ೩೦೦ ದಿನಗಳ ಪಯಣ. ತೋಳಿನ ಮೇಲುಭಾಗದಲ್ಲಿ ಕಡಿದರೆ ೫೦ ಸೆಂಟಿಮೀಟರು; ೫೦೦ ದಿನಗಳು. ಇಷ್ಟು ಕಾಲ ಸ್ನಾಯುವು ಕಾದಿರುವುದೇ? ನರದ ಸಂಪರ್ಕ ತಪ್ಪಿದ ಸ್ನಾಯುವು ಕ್ರಮೇಣ ಕ್ಷೀಣಿಸಿ, ಸುಮಾರು ಒಂದರಿಂದ ಒಂದೂವರೆ ವರ್ಷದೊಳಗೆ ಮರಳಿ ಚೇತರಿಸಿಕೊಳ್ಳಲಾರದ ಸ್ಥಿತಿಯನ್ನು ಮುಟ್ಟುತ್ತದೆ. ದಾರಿಯಲ್ಲಿ ಸಾಲುಗಟ್ಟಿ ನಿಂತ ಶ್ವಾನ್ ಕೋಶಗಳ ಪೋಷಣಶಕ್ತಿಯೂ ತಿಂಗಳುಗಳು ಉರುಳಿದಂತೆ ಕುಗ್ಗುತ್ತದೆ. ಆದುದರಿಂದ ನರದ ದುರಸ್ತಿಯೆಂಬುದು ಕಾಲದೊಡನೆ ಹೂಡಿದ ಪಂದ್ಯ. ಕಡಿದ ಸ್ಥಳದಲ್ಲಿ ಎಳೆಯು ದಾರಿ ತಪ್ಪಿ ಕಳೆದುಕೊಂಡ ಪ್ರತಿಯೊಂದು ವಾರವೂ ಕೊನೆಯಲ್ಲಿ ಬೆರಳಿನ ಬಲದಲ್ಲಿ ಕಡಿಮೆಯಾಗಿ ಕಾಣಿಸಿಕೊಳ್ಳುತ್ತದೆ.

ಎಲ್ಲ ಗಾಯಗಳೂ ಒಂದೇ ತೆರನಲ್ಲ. ಯುದ್ಧಕಾಲದ ಗಾಯಾಳುಗಳನ್ನು ನೋಡಿದ ಅನುಭವದಿಂದ ಇಂಗ್ಲೆಂಡಿನ ಹರ್ಬರ್ಟ್ ಸೆಡನ್ ಅವರು ೧೯೪೩ರಲ್ಲಿ ಇವನ್ನು ಮೂರಾಗಿ ವಿಂಗಡಿಸಿದರು. ಎಳೆಯು ತುಂಡಾಗದೆ ಸಂದೇಶ ಮಾತ್ರ ಕೆಲಕಾಲ ನಿಂತುಹೋಗುವುದು ಮೊದಲನೆಯದು. ಇದು ವಾರಗಳಲ್ಲಿ ತಾನಾಗಿ ಸರಿಹೋಗುವುದು. ಎಳೆಯು ತುಂಡಾಗಿ ಹೊದಿಕೆ ಉಳಿದಿರುವುದು ಎರಡನೆಯದು; ಇಲ್ಲಿ ಹಳೆಯ ದಾರಿಯು ಅಳಿದಿಲ್ಲವಾದುದರಿಂದ ಎಳೆಯು ಅದರೊಳಗೆ ಮರಳಿ ಬೆಳೆಯಬಲ್ಲದು. ಹೊದಿಕೆಯೂ ಸೇರಿ ಇಡೀ ನರವೇ ಕಡಿದುಹೋಗುವುದು ಮೂರನೆಯದು. ಶಸ್ತ್ರಕ್ರಿಯೆಯಿಲ್ಲದೆ ಇದು ಸರಿಹೋಗುವ ಸಂಭವವಿಲ್ಲ. ಚಿಗುರಿದ ಎಳೆಗಳು ದಾರಿ ಕಾಣದೆ ಕಲೆಯ ಅಂಗಾಂಶದೊಳಗೆ ಸುತ್ತಿಕೊಂಡು, ಮುಟ್ಟಿದರೆ ನೋಯುವ ಗಂಟಾಗುವುವು. ನಮ್ಮ ವಿಷಯವು ಈ ಮೂರನೆಯ ಬಗೆಗೆ ಸಂಬಂಧಿಸಿದುದು.

ಹೊಲಿಗೆ ಮತ್ತು ಕಸಿ

ಹರಿತವಾದ ಅಂಚಿನಿಂದ ಕಡಿದ ನರದ ಎರಡು ತುದಿಗಳನ್ನು ಎಳೆತವಿಲ್ಲದೆ ಕೂಡಿಸಲು ಸಾಧ್ಯವಾದರೆ, ಕೂಡಲೇ ಹೊಲಿಯುವುದೇ ಉತ್ತಮ. ಆದರೆ ರಸ್ತೆಯ ಅಪಘಾತದಲ್ಲಿಯೋ ಯಂತ್ರಕ್ಕೆ ಸಿಕ್ಕಿಯೋ ಜಜ್ಜಿಹೋದ ನರದಲ್ಲಿ ಹಾಳಾದ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ನಡುವೆ ತೆರಪು ಉಳಿಯುತ್ತದೆ. ಎಳೆದು ಹೊಲಿದರೆ ನರದ ಸಣ್ಣ ರಕ್ತನಾಳಗಳು ಬಿಗಿದು, ಹೊಲಿಗೆಯ ಸ್ಥಳವು ಕಲೆಗಟ್ಟಿ ಕೆಲಸ ಕೆಡುತ್ತದೆ. ಇಂತಹ ಸಂದರ್ಭದಲ್ಲಿ ರೋಗಿಯ ದೇಹದ ಇನ್ನೊಂದೆಡೆಯಿಂದ ನರದ ತುಂಡನ್ನು ತಂದು ಕಸಿ ಮಾಡುವುದು ರೂಢಿ. ಸಾಮಾನ್ಯವಾಗಿ ಇದಕ್ಕೆ ಆರಿಸುವುದು ಮೀನಖಂಡದ ಹಿಂದೆ ಇಳಿದು ಪಾದದ ಹೊರ ಅಂಚಿಗೆ ಸ್ಪರ್ಶಜ್ಞಾನವನ್ನು ಕೊಡುವ ಸೂರಲ್ ನರವನ್ನು. ವಿಯೆನ್ನಾದ ಹಾನ್ನೋ ಮಿಲೇಸಿ ಅವರು ೧೯೭೦ರ ದಶಕದಲ್ಲಿ, ಕಂತೆಗೆ ಕಂತೆಯನ್ನು ಹೊಂದಿಸಿ, ಎಳೆತವಿಲ್ಲದೆ ಕಸಿ ಮಾಡುವ ಕ್ರಮವನ್ನು ರೂಪಿಸಿದರು. ಈ ವಿಧಾನವು ಇಂದಿಗೂ ಎಲ್ಲ ಹೊಸ ವಿಧಾನಗಳನ್ನೂ ತೂಗಿ ನೋಡುವ ಒರೆಗಲ್ಲಾಗಿ ಉಳಿದಿದೆ.

ಆದರೆ ಇದರ ಬೆಲೆಯೂ ಉಂಟು. ಕೈಯನ್ನು ಉಳಿಸಲು ಕಾಲಿನಿಂದ ಸಾಲ ತರಬೇಕು. ಆ ಸಾಲವು ತೀರುವುದಿಲ್ಲ. ಪಾದದ ಅಂಚು ಜೋಮು ಹಿಡಿದಂತೆ ಉಳಿಯುತ್ತದೆ, ತೆಗೆದ ಸ್ಥಳದಲ್ಲಿ ಕೆಲವರಿಗೆ ನೋವಿನ ಗಂಟಾಗುತ್ತದೆ. ದೊಡ್ಡ ನರಕ್ಕೆ ಹಲವಾರು ತುಂಡುಗಳು ಬೇಕು, ದೊರೆಯುವ ಉದ್ದಕ್ಕೆ ಮಿತಿಯಿದೆ. ಇಷ್ಟಾದರೂ ಕಸಿಯು ಪೂರ್ಣ ಬಲವನ್ನು ಮರಳಿಸುವುದು ವಿರಳ. ನರವನ್ನು ಕೊಡದೆ ನರವನ್ನು ಪಡೆಯುವ ಮಾರ್ಗವುಂಟೇ ಎಂಬ ಪ್ರಶ್ನೆಯು ಹುಟ್ಟಿದುದು ಇಲ್ಲಿ.

ನಳಿಕೆಯ ಪೂರ್ವೇತಿಹಾಸ

ಈ ಪ್ರಶ್ನೆಗೆ ಉತ್ತರವಾಗಿ ಸೂಚಿತವಾದ ನಳಿಕೆಯು ಹೊಸದಲ್ಲ. ೧೮೮೨ರಲ್ಲಿ ವಾನ್‌ಲೇರ್ ಅವರು ಸುಣ್ಣದ ಅಂಶವನ್ನು ತೆಗೆದ ಎಲುಬಿನ ನಳಿಕೆಯಿಂದ ನಾಯಿಯ ಕಾಲಿನ ನರದಲ್ಲಿ ೩ ಸೆಂಟಿಮೀಟರಿನ ತೆರಪಿಗೆ ಸೇತುವೆ ಹಾಕಿದರು. ೧೮೯೧ರಲ್ಲಿ ಬ್ಯುಂಗ್ನರ್ ಅವರು ರಕ್ತನಾಳದ ತುಂಡನ್ನು ಇದಕ್ಕಾಗಿ ಬಳಸಿದರು. ಫಲವು ಅನಿಶ್ಚಿತವಾಗಿದ್ದುದರಿಂದ ಈ ಪ್ರಯತ್ನಗಳು ಬಹುಕಾಲ ಮೂಲೆಗೆ ಬಿದ್ದುವು.

೧೯೮೦ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ಬೋರ್ಗ್ ಅವರೂ ಅವರ ಸಹೋದ್ಯೋಗಿಗಳೂ ನಳಿಕೆಯನ್ನು ಚಿಕಿತ್ಸೆಯ ಸಾಧನವಾಗಿ ಮಾತ್ರವಲ್ಲದೆ ವೀಕ್ಷಣಾಲಯವಾಗಿಯೂ ಬಳಸಿದರು. ಇಲಿಯ ತೊಡೆಯ ನರವನ್ನು ಕತ್ತರಿಸಿ, ೧೦ ಮಿಲಿಮೀಟರಿನ ತೆರಪನ್ನು ಬಿಟ್ಟು, ಎರಡು ತುದಿಗಳನ್ನೂ ಸಿಲಿಕೋನ್ ನಳಿಕೆಯೊಳಗೆ ಕೂಡಿಸಿದಾಗ ಘಟನೆಗಳು ಒಂದು ಕ್ರಮದಲ್ಲಿ ನಡೆದುವು. ಮೊದಲ ದಿನದೊಳಗೆ ನಳಿಕೆಯು ತುದಿಗಳಿಂದ ಒಸರಿದ ದ್ರವದಿಂದ ತುಂಬಿತು. ಸುಮಾರು ಒಂದು ವಾರದಲ್ಲಿ ಆ ದ್ರವದೊಳಗಿನ ಫೈಬ್ರಿನ್ ಹೆಪ್ಪುಗಟ್ಟಿ ತುದಿಯಿಂದ ತುದಿಗೆ ಹುರಿಯಂತಾಯಿತು. ಎರಡನೆಯ ವಾರದಲ್ಲಿ ಈ ಹುರಿಯನ್ನು ಹಿಡಿದು ಎರಡೂ ಕಡೆಗಳಿಂದ ಶ್ವಾನ್ ಕೋಶ ಮೊದಲಾದುವು ಒಳಗೆ ಬಂದುವು. ಅವುಗಳನ್ನು ಅನುಸರಿಸಿ ಎಳೆಗಳು ಬೆಳೆದುವು. ಕೊನೆಗೆ ಮಯಲಿನ್ ಸುತ್ತಿಕೊಂಡಿತು. ಹ್ಯಾರಿಸನ್ ಅವರ ಜೇಡನ ನೂಲಿನ ಸ್ಥಾನವನ್ನು ಇಲ್ಲಿ ಫೈಬ್ರಿನ್ ಹುರಿಯು ವಹಿಸಿತೆಂದು ಹೇಳಬಹುದು.

ಇದೇ ಪ್ರಯೋಗದಲ್ಲಿ ತೆರಪನ್ನು ೧೫ ಮಿಲಿಮೀಟರಿಗೆ ಹೆಚ್ಚಿಸಿದಾಗ ನರವು ಬೆಳೆಯಲಿಲ್ಲ. ಐದೇ ಮಿಲಿಮೀಟರಿನ ಈ ವ್ಯತ್ಯಾಸವು ಅರ್ಥಗರ್ಭಿತವಾದುದು. ಫೈಬ್ರಿನ್ ಹುರಿಯು ಶಾಶ್ವತವಲ್ಲ. ದೇಹವು ಅದನ್ನು ಬೇಗನೆ ಕರಗಿಸುತ್ತದೆ. ತೆರಪು ಉದ್ದವಾದಷ್ಟೂ ಹುರಿಯು ನಡುವೆ ತೆಳ್ಳಗಾಗುತ್ತದೆ. ಕೋಶಗಳು ನಡುದಾರಿಯನ್ನು ತಲಪುವುದಕ್ಕೆ ಮುಂಚೆ ಸೇತುವೆಯೇ ಇಲ್ಲವಾದರೆ ಅವು ನಡೆಯುವುದಾದರೂ ಹೇಗೆ? ನಳಿಕೆಯ ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಒಳಗಿನ ಆಧಾರವು ಸಾಲದಾದರೆ ಕಾರ್ಯವು ಕೆಡುವುದೆಂಬ ಪಾಠವನ್ನು ಇಲಿಯು ನಮಗೆ ಕಲಿಸಿತು.

ಕರಗುವ ವಸ್ತುಗಳು

ಸಿಲಿಕೋನಿಗೆ ಇನ್ನೊಂದು ದೋಷವಿದೆ. ಅದು ಕರಗುವುದಿಲ್ಲ. ನರವು ಬೆಳೆದು ದಪ್ಪವಾದ ಮೇಲೂ ಬಿಗಿಯಾಗಿ ಉಳಿದು ಅದನ್ನು ಒತ್ತಬಹುದು. ಆಗ ಎರಡನೆಯ ಶಸ್ತ್ರಕ್ರಿಯೆಯಿಂದ ಅದನ್ನು ತೆಗೆಯಬೇಕು. ಆದುದರಿಂದ ವಿಜ್ಞಾನಿಗಳ ದೃಷ್ಟಿಯು ಕರಗುವ ವಸ್ತುಗಳ ಕಡೆಗೆ ಹರಿಯಿತು. ಇವುಗಳಲ್ಲಿ ಮೊದಲನೆಯದು ಗ್ಲೈಕಾಲಿಕ್ ಆಮ್ಲದ ಅಣುಗಳನ್ನು ಸರಪಳಿಯಾಗಿ ಪೋಣಿಸಿದ ಪಾಲಿಮರ್. ೧೯೭೦ರ ಸುಮಾರಿಗೇ ಇದು ಕರಗುವ ಹೊಲಿಗೆದಾರವಾಗಿ ಶಸ್ತ್ರಾಲಯಗಳನ್ನು ಪ್ರವೇಶಿಸಿತ್ತು.

ಇದು ಕರಗುವ ಬಗೆಯು ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಸರಪಳಿಯ ಕೊಂಡಿಗಳು ಎಸ್ಟರ್ ಬಂಧಗಳು. ದೇಹದ ನೀರಿನ ಅಣುಗಳು ಒಂದೊಂದಾಗಿ ಈ ಬಂಧಗಳನ್ನು ಮುರಿಯುತ್ತವೆ. ಸರಪಳಿಯು ತುಂಡಾಗುತ್ತ ಹೋಗಿ ಗ್ಲೈಕಾಲಿಕ್ ಆಮ್ಲವಾಗುತ್ತದೆ. ಅದನ್ನು ದೇಹವು ವಿಸರ್ಜಿಸುತ್ತದೆ, ಇಲ್ಲವೆ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾಗಿ ಮಾರ್ಪಡಿಸುತ್ತದೆ. ಗ್ಲೈಕಾಲಿಕ್ ಆಮ್ಲಕ್ಕೆ ಬದಲಾಗಿ ಲ್ಯಾಕ್ಟಿಕ್ ಆಮ್ಲವನ್ನು ಪೋಣಿಸಿದರೆ, ಅದರ ಪಕ್ಕದಲ್ಲಿರುವ ಮೀಥೈಲ್ ಗುಂಪು ನೀರನ್ನು ದೂರವಿಡುವುದರಿಂದ ವಸ್ತುವು ನಿಧಾನವಾಗಿ ಕರಗುತ್ತದೆ. ಎರಡನ್ನೂ ಬೆರಸಿ, ಬೆರಕೆಯ ಪ್ರಮಾಣವನ್ನು ಬದಲಿಸಿ, ಕರಗುವ ಕಾಲವನ್ನು ವಾರಗಳಿಂದ ವರ್ಷಗಳವರೆಗೆ ಹೊಂದಿಸಬಹುದು. ಸಮಪಾಲಿನ ಬೆರಕೆಯು ಎಲ್ಲಕ್ಕಿಂತ ಬೇಗನೆ ಕರಗುವುದೆಂಬುದು ಕುತೂಹಲಕರವಾದ ಸಂಗತಿ. ಬೆರಕೆಯಲ್ಲಿ ಸರಪಳಿಗಳು ಸ್ಫಟಿಕದಂತೆ ಒತ್ತಾಗಿ ಜೋಡಿಸಿಕೊಳ್ಳಲಾರದೆ ಹೋಗುವುದರಿಂದ ನೀರು ಸುಲಭವಾಗಿ ಒಳಹೋಗುತ್ತದೆ.

೧೯೯೦ರಲ್ಲಿ ಮೆಕಿನನ್ ಮತ್ತು ಡೆಲನ್ ಎಂಬ ಶಸ್ತ್ರವೈದ್ಯರು ಪಾಲಿಗ್ಲೈಕಾಲಿಕ್ ನಳಿಕೆಯಿಂದ ೧೫ ಮಂದಿ ರೋಗಿಗಳ ಬೆರಳಿನ ನರಗಳಲ್ಲಿ ೩ ಸೆಂಟಿಮೀಟರಿನವರೆಗಿನ ತೆರಪುಗಳನ್ನು ಸರಿಪಡಿಸಿದುದನ್ನು ವರದಿ ಮಾಡಿದರು. ೨೦೦೦ದಲ್ಲಿ ಪ್ರಕಟವಾದ, ೯೮ ರೋಗಿಗಳ ೧೩೬ ಕಡಿದ ನರಗಳನ್ನೊಳಗೊಂಡ ಇನ್ನೊಂದು ಪರೀಕ್ಷೆಯಲ್ಲಿ ನಳಿಕೆಯನ್ನು ರೂಢಿಯ ಹೊಲಿಗೆ, ಕಸಿಗಳೊಡನೆ ಹೋಲಿಸಲಾಯಿತು. ಒಟ್ಟಿನಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ವ್ಯತ್ಯಾಸವು ಕಾಣಲಿಲ್ಲ. ಆದರೆ ೪ ಮಿಲಿಮೀಟರಿಗೆ ಮೀರದ ತೆರಪುಗಳಲ್ಲಿಯೂ ೮ ಮಿಲಿಮೀಟರಿಗೆ ಮೀರಿದ ತೆರಪುಗಳಲ್ಲಿಯೂ ನಳಿಕೆಯೇ ಮೇಲಾಯಿತು. ಇದಾದ ಮೇಲೆ ದನದ ಸ್ನಾಯುರಜ್ಜುವಿನಿಂದ ತೆಗೆದ ಕೊಲಾಜೆನ್, ಲ್ಯಾಕ್ಟಿಕ್ ಆಮ್ಲ ಮತ್ತು ಕ್ಯಾಪ್ರೊಲ್ಯಾಕ್ಟೋನುಗಳ ಬೆರಕೆ, ಸೀಗಡಿಯ ಚಿಪ್ಪಿನಿಂದ ದೊರೆಯುವ ಕೈಟೊಸಾನ್ ಮೊದಲಾದುವುಗಳ ನಳಿಕೆಗಳೂ ಬಳಕೆಗೆ ಬಂದಿವೆ.

ಒಳ್ಳೆಯ ನಳಿಕೆಯ ಲಕ್ಷಣಗಳು ಮೇಲಿನ ವಿವರಣೆಯಿಂದಲೇ ಹೊರಡುತ್ತವೆ. ಅದು ಮೊಣಕೈ, ಬೆರಳುಗಳು ಮಡಿಚಿದಾಗ ಬಾಗಬೇಕು, ಆದರೆ ಚಪ್ಪಟೆಯಾಗಬಾರದು. ಗೋಡೆಯ ರಂಧ್ರಗಳು ಪೋಷಕ ದ್ರವ್ಯಗಳನ್ನು ಒಳಬಿಡುವಷ್ಟು ದೊಡ್ಡವೂ, ಕಲೆಗಟ್ಟಿಸುವ ಕೋಶಗಳನ್ನು ತಡೆಯುವಷ್ಟು ಸಣ್ಣವೂ ಆಗಿರಬೇಕು. ಎಲ್ಲಕ್ಕಿಂತ ಕಠಿನವಾದುದು ಕರಗುವ ಕಾಲ. ಪಾಲಿಗ್ಲೈಕಾಲಿಕ್ ನಳಿಕೆಯು ಸುಮಾರು ಮೂರು ತಿಂಗಳಲ್ಲಿ ಬಲಗುಂದುತ್ತದೆ. ಕೊಲಾಜೆನ್ ನಳಿಕೆಯು ವರ್ಷಗಳವರೆಗೆ ಉಳಿಯುತ್ತದೆ. ಬೇಗ ಕರಗಿದರೆ ಎಳೆಯು ಆಚೆಯ ದಡವನ್ನು ಮುಟ್ಟುವ ಮೊದಲೇ ಗೋಡೆ ಕುಸಿಯುವುದು, ಒಮ್ಮೆಲೇ ಬಿಡುಗಡೆಯಾದ ಆಮ್ಲವು ಉರಿಯೂತವನ್ನುಂಟುಮಾಡುವುದು. ತಡವಾಗಿ ಕರಗಿದರೆ ಸಿಲಿಕೋನಿನ ದೋಷವೇ ಮರಳುವುದು. ನರವು ಎಷ್ಟು ಬೆಳೆಯಿತೋ ಅಷ್ಟು ಕರಗುವ ವಸ್ತುವೇ ಆದರ್ಶ.

ಮೂರು ಸೆಂಟಿಮೀಟರಿನ ಆಚೆ

ಇಲ್ಲಿ ಸತ್ಯವನ್ನು ಮರೆಮಾಚದೆ ಹೇಳಬೇಕು. ಟೊಳ್ಳಾದ ನಳಿಕೆಯ ಯಶಸ್ಸು ಬಹುಮಟ್ಟಿಗೆ ಬೆರಳಿನ ಸಣ್ಣ ಸ್ಪರ್ಶನರಗಳಿಗೆ, ೩ ಸೆಂಟಿಮೀಟರಿಗೆ ಮೀರದ ತೆರಪುಗಳಿಗೆ ಸೀಮಿತವಾದುದು. ತೋಳಿನ ದೊಡ್ಡ ನರಗಳಲ್ಲಿ, ಉದ್ದವಾದ ತೆರಪುಗಳಲ್ಲಿ ಅದನ್ನು ನಂಬಿ ಕಾಲ ಕಳೆದರೆ ರೋಗಿಗೆ ನಷ್ಟವೇ; ಅಲ್ಲಿ ಸ್ವಂತ ನರದ ಕಸಿಯೇ ಇಂದಿಗೂ ಮೊದಲ ಆಯ್ಕೆ. ೧೫ ಮಿಲಿಮೀಟರಿನ ನಳಿಕೆಯಲ್ಲಿ ಇಲಿಯ ನರವು ಸೋತ ಕಾರಣವೇ ಇಲ್ಲಿಯೂ ಕಾರಣ.

ಆದುದರಿಂದ ಈಗಿನ ಸಂಶೋಧನೆಯು ನಳಿಕೆಯ ಗೋಡೆಯಿಂದ ಒಳಗಿನ ಹಾದಿಯ ಕಡೆಗೆ ತಿರುಗಿದೆ. ವಿದ್ಯುತ್‌ಕ್ಷೇತ್ರದ ಬಲದಿಂದ ಪಾಲಿಮರ್ ದ್ರಾವಣವನ್ನು ಅತಿ ಸೂಕ್ಷ್ಮವಾದ ನೂಲುಗಳಾಗಿ ಎಳೆದು, ಅವುಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ನಳಿಕೆಯೊಳಗೆ ಇಡುತ್ತಾರೆ. ಅಡ್ಡಾದಿಡ್ಡಿಯಾದ ನೂಲುಗಳ ಮೇಲೆ ಎಳೆಯು ಅಲೆದಾಡುವುದು. ನೇರವಾದ ನೂಲುಗಳ ಮೇಲೆ ನೇರವಾಗಿ ನಡೆಯುವುದು. ಕೊಲಾಜೆನನ್ನು ಒಂದೇ ದಿಕ್ಕಿನಿಂದ ಹೆಪ್ಪುಗಟ್ಟಿಸಿ, ಮಂಜುಗಡ್ಡೆಯ ಹರಳುಗಳು ಬಿಟ್ಟುಹೋದ ಉದ್ದುದ್ದನೆಯ ರಂಧ್ರಗಳನ್ನೇ ಹಾದಿಯಾಗಿ ಬಳಸುವುದು ಇನ್ನೊಂದು ಉಪಾಯ. ರೇಷ್ಮೆಯ ಫೈಬ್ರೋಯಿನ್ ಎಂಬ ಪ್ರೋಟೀನೂ ಈ ಕಾರ್ಯಕ್ಕೆ ಪರೀಕ್ಷಿತವಾಗುತ್ತಿದೆ. ಭಾರತದ ಹಿಪ್ಪುನೇರಳೆ ರೇಷ್ಮೆಯಲ್ಲಿ ದೊಡ್ಡ ಪಾಲನ್ನು ಉತ್ಪಾದಿಸುವ ಕರ್ನಾಟಕದ ವಿದ್ಯಾರ್ಥಿಗಳಿಗೆ ಇದು ಆಸಕ್ತಿಯ ವಿಷಯವಾಗಬೇಕು.

ಪೋಷಕ ದ್ರವ್ಯಗಳನ್ನು ಸಾರುವೆಯಲ್ಲಿಯೇ ಸೇರಿಸುವ ಯತ್ನವೂ ನಡೆದಿದೆ. ನರದ ಬೆಳವಣಿಗೆಯನ್ನು ಪ್ರಚೋದಿಸುವ ದ್ರವ್ಯವನ್ನು ಕಂಡುಹಿಡಿದ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೊಹೆನ್ ಅವರಿಗೆ ೧೯೮೬ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಪೋಷಣೆಯೂ ಅತಿಯಾಗಬಾರದು. ಇಂತಹ ದ್ರವ್ಯವು ಒಂದೇ ಸ್ಥಳದಲ್ಲಿ ಹೇರಳವಾಗಿದ್ದರೆ ಎಳೆಗಳು ಅಲ್ಲಿಯೇ ಸುತ್ತಿಕೊಂಡು ಮುಂದೆ ಸಾಗಲೊಲ್ಲವು. ಛತ್ರದ ಊಟಕ್ಕೆ ಮರುಳಾಗಿ ಯಾತ್ರೆಯನ್ನೇ ಮರೆತ ಯಾತ್ರಿಕನಂತೆ ಅವುಗಳ ಸ್ಥಿತಿ. ಅಳತೆಯರಿತು, ಕಾಲವರಿತು ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುವಂತೆ ಮಾಡಬೇಕು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೦ರಲ್ಲಿ ಪ್ರಕಟಿಸಿದ ಪ್ರಯೋಗವು ಈ ದಿಕ್ಕಿನಲ್ಲಿ ಗಮನಾರ್ಹವಾದುದು. ಪೋಷಕ ದ್ರವ್ಯವನ್ನು ಸೂಕ್ಷ್ಮಗೋಲಗಳಲ್ಲಿ ತುಂಬಿ, ಅವುಗಳನ್ನು ಕರಗುವ ನಳಿಕೆಯ ಗೋಡೆಯಲ್ಲಿ ಹುದುಗಿಸಿ, ಮಂಗಗಳ ಮುಂದೋಳಿನ ನರದಲ್ಲಿ ೫ ಸೆಂಟಿಮೀಟರಿನ ತೆರಪನ್ನು ಅವರು ದಾಟಿಸಿದರು. ಒಂದು ವರ್ಷದ ಅನಂತರ ಕೈಯ ಚಲನೆಯು ಸ್ವಂತ ನರದ ಕಸಿಗೆ ಹೋಲಿಸಬಹುದಾದ ಮಟ್ಟಕ್ಕೆ ಮರಳಿತು. ಇಲಿಯ ನರವು ಚಿಕ್ಕದು, ಬೇಗ ಬೆಳೆಯುವಂಥದು. ಇಲಿಯಲ್ಲಿ ಗೆದ್ದುದೆಲ್ಲ ಮನುಷ್ಯನಲ್ಲಿ ಗೆಲ್ಲುವುದಿಲ್ಲ. ಆದುದರಿಂದ ಮನುಷ್ಯನಿಗೆ ಸಮೀಪವಾದ ಪ್ರಾಣಿಯಲ್ಲಿ ದೊರೆತ ಈ ಫಲಕ್ಕೆ ಹೆಚ್ಚಿನ ಬೆಲೆಯಿದೆ. ಆದರೂ ಅದು ಮನುಷ್ಯನಲ್ಲಿ ದೊರೆತ ಫಲವಲ್ಲವೆಂಬುದನ್ನು ಮರೆಯಲಾಗದು.

ಉಪಸಂಹಾರ

ಸಾರುವೆಯು ನರವನ್ನು ಬೆಳೆಸುವುದಿಲ್ಲ. ಬೆಳೆಯುವ ನರಕ್ಕೆ ದಾರಿಯನ್ನು ಬಿಟ್ಟುಕೊಡುತ್ತದೆ, ಅಷ್ಟೇ. ಬೆಳೆಯುವ ಶಕ್ತಿಯು ಬೆನ್ನುಹುರಿಯ ಬಳಿಯಿರುವ ಕೋಶದ್ದು, ದಾರಿ ತೋರುವ ಶಕ್ತಿಯು ಶ್ವಾನ್ ಕೋಶದ್ದು. ಎಳೆಯು ಆಚೆಯ ತುದಿಯನ್ನು ಸೇರಿದ ಮೇಲೂ ತಾನು ಹೊರಟ ಸ್ನಾಯುವಿಗೇ ತಲಪೀತೆಂಬ ಭರವಸೆಯಿಲ್ಲ. ಸ್ಪರ್ಶದ ಎಳೆಯು ಸ್ನಾಯುವಿನ ದಾರಿಯನ್ನು ಹಿಡಿಯುವುದುಂಟು, ತೋರುಬೆರಳಿನ ಎಳೆಯು ನಡುಬೆರಳಿಗೆ ಹೋಗುವುದುಂಟು. ಇದನ್ನು ಸರಿಪಡಿಸುವ ಸಾರುವೆಯು ಇನ್ನೂ ನಿರ್ಮಾಣವಾಗಿಲ್ಲ. ಅಲ್ಲಿ ಮಿದುಳೇ ಹೊಸ ಸಂಪರ್ಕಗಳನ್ನು ಕಲಿಯಬೇಕು. ರೋಗಿಯು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು.

ಈ ಸಮಸ್ಯೆಯನ್ನು ಯಾವುದೇ ಒಂದು ಶಾಸ್ತ್ರವು ಒಂಟಿಯಾಗಿ ಬಿಡಿಸಲಾರದು. ಸರಪಳಿಯ ಕೊಂಡಿಯನ್ನು ಅರಿತ ರಸಾಯನಜ್ಞ, ಕೋಶದ ನಡೆಯನ್ನು ಅರಿತ ಪ್ರಾಣಿಶಾಸ್ತ್ರಜ್ಞ, ನೂಲನ್ನು ಎಳೆಯಬಲ್ಲ ಇಂಜಿನಿಯರು, ಸೂಕ್ಷ್ಮದರ್ಶಕದಡಿಯಲ್ಲಿ ಹೊಲಿಯಬಲ್ಲ ಶಸ್ತ್ರವೈದ್ಯ, ಇವರೆಲ್ಲರೂ ಒಂದೆಡೆ ಕೂಡಬೇಕಾಗಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ಕಾರ್ಯಕ್ಕೆ ಕೈ ಹಾಕುವುದಾದರೆ, ದಿನಕ್ಕೆ ಒಂದು ಮಿಲಿಮೀಟರು ಎಂಬ ಆ ಸಂಖ್ಯೆಯನ್ನು ಸದಾ ಕಣ್ಣೆದುರಿಗೆ ಇಟ್ಟುಕೊಳ್ಳಲಿ. ಎಳೆಯು ಎಷ್ಟು ನಿಧಾನವಾಗಿ ನಡೆಯುವುದೋ ಅಷ್ಟು ಅವಸರವು ಅದರ ದಾರಿಯನ್ನು ಸಿದ್ಧಪಡಿಸುವವರಿಗೆ ಇರಬೇಕು.